ಶಾಲೆಯ ಬಾಗಿಲು ಯಾರಿಗೆಲ್ಲ ತೆರೆದಿದೆ?

ಈ ಬಾರಿ ಶಾಲೆಗಳು ಆರಂಭವಾದ ಮೊದಲೆರಡು ಜುಮಾಗಳಲ್ಲಿ ನಾವು ಸೂರಃ ಅಬಸದ ಆರಂಭದ ವಚನಗಳ ಬಗ್ಗೆ ಖುತ್ಬಾ ನೀಡಿದ್ದೆವು. ನಮಾಝಿನ ಬಳಿಕ ಹಲವರು ಬಂದು ಒಂದೇ ರೀತಿಯ ಪ್ರಶ್ನೆಗಳನ್ನು ಕೇಳಿದರು. ಟಿ.ಸಿ. ಇಲ್ಲದೆ ಮಗುವನ್ನು ಸೇರಿಸಬಹುದೇ? ಆರ್‌ಟಿಇ ಸೀಟು ಈಗಲೂ ಇದೆಯೇ? ಮಗ ಹಿಫ್ಝ್ ಮಾಡುತ್ತಿದ್ದಾನೆ, ಅವನಿಗೆ ಶಾಲೆ ಕಡ್ಡಾಯವೇ? ಮಿಂಬರಿನ ಮೇಲೆ ನಿಂತು ಕಾನೂನಿನ ಸೆಕ್ಷನ್‌ಗಳನ್ನು ಓದಿ ಹೇಳುವುದು ಸರಿಯಾಗದು, ಅದಕ್ಕೆ ಅಲ್ಲಿ ಸಮಯವೂ ಇಲ್ಲ. ಆದ್ದರಿಂದ ಖುತ್ಬಾದ ಸಾರದ ಜೊತೆಗೆ ಆ ಪ್ರಶ್ನೆಗಳ ಉತ್ತರವನ್ನೂ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಆ ಘಟನೆ. ಮಕ್ಕಾದ ದಿನಗಳು. ಪ್ರವಾದಿ ಮುಹಮ್ಮದ್(ಸ)ರು ಕುರೈಶರ ಪ್ರಮುಖರೊಂದಿಗೆ ಮಾತನಾಡುತ್ತಿದ್ದರು. ಇವರು ಸತ್ಯವನ್ನು ಒಪ್ಪಿಕೊಂಡರೆ ಇವರ ಹಿಂದೆ ಇಡೀ ಗೋತ್ರಗಳೇ ಬಂದಾವು ಎಂಬ ಹಂಬಲ. ಆ ಹೊತ್ತಿಗೆ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅಲ್ಲಿಗೆ ಬಂದರು. ಅಲ್ಲಾಹನು ನಿಮಗೆ ಕಲಿಸಿದ್ದನ್ನು ನನಗೂ ಕಲಿಸಿ ಎಂದು ಕೇಳಿಕೊಂಡರು. ಮಾತಿನ ನಡುವೆ ಆದ ಅಡ್ಡಿಯಿಂದ ಪ್ರವಾದಿವರ್ಯರ(ಸ) ಮುಖದಲ್ಲಿ ಬೇಸರ ಕಾಣಿಸಿತು. ಅಂಧರಿಗೆ ಅದು ಕಾಣುವಂತಿರಲಿಲ್ಲ. ಆದರೂ ಆಕಾಶದಿಂದ ವಚನಗಳು ಅವತೀರ್ಣಗೊಂಡವು. ತನಗೇನೂ ಬೇಕಾಗಿಲ್ಲ ಎಂಬಂತೆ ಕುಳಿತವನ ಕಡೆಗೆ ಗಮನ, ಕಲಿಯಬೇಕೆಂದು ಓಡೋಡಿ ಬಂದವನ ಕಡೆಗೆ ಅಲಕ್ಷ್ಯ, ಇದು ಹಾಗಾಗಕೂಡದು ಎಂಬುದು ಅದರ ತಾತ್ಪರ್ಯ. ಆ ವಚನಗಳನ್ನು ಪ್ರವಾದಿ(ಸ)ರು ಬಚ್ಚಿಡಲಿಲ್ಲ, ಜನರಿಗೆ ಓದಿ ಕೇಳಿಸಿದರು. ಮುಂದೆ ಮದೀನಾದಲ್ಲಿ ಅದೇ ಅಂಧ ಸಹಾಬಿ ಮುಅದ್ದಿನ್ ಆದರು. ಪ್ರವಾದಿವರ್ಯರು(ಸ) ಊರಿನಿಂದ ಹೊರ ಹೋದಾಗ ಹಲವು ಬಾರಿ ಅವರನ್ನೇ ಮದೀನಾದಲ್ಲಿ ತಮ್ಮ ಪ್ರತಿನಿಧಿಯಾಗಿ ಬಿಟ್ಟು ಹೋಗಿದ್ದರು.

ಈ ವಚನಗಳ ಬಗ್ಗೆ ನಾವು ಅಷ್ಟು ಹೊತ್ತು ಮಾತನಾಡಿದ್ದಕ್ಕೆ ಕಾರಣವಿದೆ. ಶಿಕ್ಷಣದಲ್ಲಿ ಸಮಾನತೆ ಎಂದರೆ ಬಾಗಿಲನ್ನು ತೆರೆದಿಟ್ಟು, ಬೇಕಾದವರು ಬರಲಿ ಎಂದು ಸುಮ್ಮನಿರುವುದಷ್ಟೇ ಎಂದು ಅನೇಕರು ತಿಳಿದಿದ್ದಾರೆ. ಆ ಸಭೆಯ ಬಾಗಿಲು ಅಂಧ ಸಹಾಬಿಗೂ ತೆರೆದೇ ಇತ್ತು, ಅವರು ಒಳಗೆ ಬಂದೂ ಇದ್ದರು. ವಚನಗಳು ಎತ್ತಿದ ಪ್ರಶ್ನೆ ಅದರ ಮುಂದಿನದು: ಒಳಗೆ ಬಂದವನಿಗೆ ಸಿಗುವ ಗಮನ ಎಷ್ಟು, ಮೊದಲ ಸರದಿ ಯಾರದು?

ಮದೀನಾದ ಮಸ್ಜಿದುನ್ನಬವಿಯಲ್ಲಿ ಸುಫ್ಫಾ ಎಂಬ ನೆರಳಿನ ಜಗಲಿಯಿತ್ತು. ಮನೆಯಿಲ್ಲದ, ದುಡ್ಡಿಲ್ಲದ ಸಹಾಬಿಗಳು ಅಲ್ಲೇ ವಾಸವಿದ್ದು ಕಲಿಯುತ್ತಿದ್ದರು. ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಅಬೂಹುರೈರಾ(ರ) ಅವರಲ್ಲಿ ಒಬ್ಬರು. ಹಸಿವಿನಿಂದ ಹೊಟ್ಟೆಗೆ ಕಲ್ಲು ಕಟ್ಟಿಕೊಳ್ಳುತ್ತಿದ್ದ ವಿದ್ಯಾರ್ಥಿ ಅವರು. ಇತ್ತ ಮಹಿಳೆಯರು ಬಂದು, ನಿಮ್ಮ ಸಮಯವನ್ನೆಲ್ಲ ಪುರುಷರೇ ತೆಗೆದುಕೊಳ್ಳುತ್ತಾರೆ, ನಮಗೂ ಒಂದು ದಿನ ನಿಗದಿಪಡಿಸಿ ಎಂದು ಕೇಳಿದಾಗ ಪ್ರವಾದಿ(ಸ)ರು ಅವರಿಗಾಗಿ ಪ್ರತ್ಯೇಕ ದಿನ ನಿಗದಿಪಡಿಸಿದ್ದನ್ನು ಸಹೀಹ್ ಬುಖಾರಿಯಲ್ಲಿ ಕಾಣಬಹುದು. ಬದ್ರ್ ಯುದ್ಧದ ಬಳಿಕ ಪರಿಹಾರ ಧನ ಕೊಡಲಾಗದ, ಆದರೆ ಬರಹ ಬಲ್ಲ ಕೈದಿಗಳಿಗೆ ಮದೀನಾದ ತಲಾ ಹತ್ತು ಮಕ್ಕಳಿಗೆ ಬರೆಯಲು ಕಲಿಸಿ ಬಿಡುಗಡೆ ಹೊಂದುವ ಅವಕಾಶ ನೀಡಲಾಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ಆ ಗುರುಗಳು ಮುಸ್ಲಿಮರಾಗಿರಲಿಲ್ಲ. ನಿನ್ನೆ ತನಕ ಖಡ್ಗ ಹಿಡಿದು ಎದುರು ನಿಂತವರು. ನಮ್ಮ ಮಕ್ಕಳು ಬೇರೆಯವರ ಬಳಿ ಏನು ಕಲಿಯುವುದು ಎಂದು ಆಗಾಗ ಕೇಳುವ ಹಿರಿಯರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ನಮ್ಮಲ್ಲಿಲ್ಲ.

ಇನ್ನು ನಮ್ಮ ದೇಶದ ಕಾನೂನು. ಸಂವಿಧಾನದ 29ನೇ ವಿಧಿಯ ಎರಡನೇ ಭಾಗದ ಪ್ರಕಾರ, ಸರಕಾರ ನಡೆಸುವ ಅಥವಾ ಸರಕಾರದ ಅನುದಾನ ಪಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣಕ್ಕೆ ಯಾವ ನಾಗರಿಕನಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಇದು 1950ರಿಂದಲೇ ಇದೆ. ಆದರೆ ನಿರಾಕರಿಸಬಾರದು ಎನ್ನುವುದು ಬೇರೆ, ಕೊಡಲೇಬೇಕು ಎನ್ನುವುದು ಬೇರೆ. ಕೊಡಲೇಬೇಕು ಎಂಬ ಹಂತಕ್ಕೆ ಬರಲು ಐವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅದರ ಹಿಂದಿನ ಒಂದು ಮುಖ್ಯ ಮೊಕದ್ದಮೆ ನಮ್ಮ ಕರ್ನಾಟಕದ್ದೇ. 1989ರಲ್ಲಿ ರಾಜ್ಯ ಸರಕಾರದ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಮೂರು ಬಗೆಯಾಗಿ ನಿಗದಿಪಡಿಸಿತ್ತು: ಸರಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000ದ ವರೆಗೆ. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಶಿಕ್ಷಣವು ಬದುಕುವ ಹಕ್ಕಿನ ಭಾಗ, ಅದನ್ನು ದುಡ್ಡಿದ್ದವರಿಗೆ ಮಾರುವಂತಿಲ್ಲ ಎಂಬ ಅರ್ಥದ ತೀರ್ಪು 1992ರಲ್ಲಿ ಬಂತು. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಕೋರ್ಟು ಆ ಹಕ್ಕನ್ನು 14 ವರ್ಷದ ವರೆಗಿನ ಮಕ್ಕಳ ಉಚಿತ ಶಿಕ್ಷಣಕ್ಕೆ ಸೀಮಿತಗೊಳಿಸಿ ಗಟ್ಟಿ ಮಾಡಿತು. 2002ರಲ್ಲಿ 86ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 21ಎ ವಿಧಿ ಸೇರಿತು. ಅದನ್ನು ಜಾರಿಗೊಳಿಸಲು 2009ರಲ್ಲಿ ಮಾಡಿದ ಕಾಯ್ದೆಯೇ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ.

ನಮ್ಮ ಜನರಲ್ಲಿ ಆರ್‌ಟಿಇ ಎಂದರೆ ಖಾಸಗಿ ಶಾಲೆಯ ಪುಕ್ಕಟೆ ಸೀಟು ಎಂದೇ ಅರ್ಥವಾಗಿಬಿಟ್ಟಿದೆ. ಅದು ಕಾಯ್ದೆಯ ಒಂದು ಉಪಕಲಮು ಮಾತ್ರ. ಅನುದಾನರಹಿತ ಖಾಸಗಿ ಶಾಲೆಗಳು ಒಂದನೇ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು ಎಂಬುದು ಅದರ ನಿಯಮ. 2012ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2014ರಲ್ಲಿ ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯವಾಗದು ಎಂದಿತು. ನಂತರ ಕರ್ನಾಟಕ ಸರಕಾರ ನಿಯಮಕ್ಕೆ ತಿದ್ದುಪಡಿ ತಂದಿತು. 2019ರ ಪ್ರವೇಶದಿಂದ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗುವುದಿಲ್ಲ. ಸರಕಾರಿ ಶಾಲೆ ಇಲ್ಲದ ಊರು ನಮ್ಮಲ್ಲಿ ಎಷ್ಟಿದೆ? ಹಾಗಾಗಿ ಸೀಟು ಕೊಡಿಸುತ್ತೇನೆಂದು ಹಣ ಕೇಳುವವರು ಮನೆಗೆ ಬಂದರೆ ನಂಬಬೇಡಿ. ಈ ತಿದ್ದುಪಡಿ ಬಡ ಮಕ್ಕಳಿಗೆ ಒಳಿತಾಯಿತೋ ಕೆಡುಕಾಯಿತೋ ಎಂಬ ಚರ್ಚೆ ಇದೆ. ಸರಕಾರಿ ಶಾಲೆಯ ಮಕ್ಕಳನ್ನು ಸರಕಾರದ ದುಡ್ಡಿನಿಂದಲೇ ಖಾಸಗಿಯವರ ಬಳಿಗೆ ಕಳಿಸಬಾರದೆಂಬ ವಾದದಲ್ಲಿ ಹುರುಳಿದೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಉಳಿಸಿದ ಹಣ ಸರಕಾರಿ ಶಾಲೆಯ ಶೌಚಾಲಯಕ್ಕೆ, ಖಾಲಿ ಬಿದ್ದ ಶಿಕ್ಷಕರ ಹುದ್ದೆಗೆ ಹೋದರೆ ಮಾತ್ರ ಆ ವಾದ ನಿಲ್ಲುತ್ತದೆ.

ಕಾಯ್ದೆಯ ನಿಜವಾದ ಬಲ ಇರುವುದು ಉಳಿದ ಸೆಕ್ಷನ್‌ಗಳಲ್ಲಿ. ಒಂದು ಉದಾಹರಣೆಯಿಂದ ಹೇಳಿದರೆ ಸುಲಭ. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಒಂದು ಕುಟುಂಬ ನಮ್ಮ ಮಹಲ್ಲಾದಲ್ಲಿ ಬಾಡಿಗೆಗೆ ಉಳಿದಿತ್ತು. 11 ವರ್ಷದ ಮಗಳು ಊರಿನಲ್ಲಿ ಮೂರನೇ ತರಗತಿ ತನಕ ಓದಿದ್ದಳು. ಸೆಪ್ಟೆಂಬರ್‌ನಲ್ಲಿ ತಾಯಿ ಹತ್ತಿರದ ಒಂದು ಶಾಲೆಗೆ ಕರೆದೊಯ್ದರೆ, ಟಿ.ಸಿ. ಇಲ್ಲ, ಆಧಾರ್ ಇಲ್ಲ, ದಾಖಲಾತಿಯ ಅವಧಿಯೂ ಮುಗಿದಿದೆ, ಮುಂದಿನ ಜೂನ್‌ಗೆ ಬನ್ನಿ ಎಂದು ಕಳಿಸಿದರು. ಆ ತಾಯಿ ಅದನ್ನು ನಂಬಿದರು. ಹುಡುಗಿ ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿದಳು. ಈ ವಿಷಯ ನಮ್ಮ ಮದ್ರಸಾದ ಉಸ್ತಾದರ ಕಿವಿಗೆ ಬಿದ್ದದ್ದು ಎರಡು ತಿಂಗಳ ನಂತರ.

ಶಾಲೆಯವರು ಕೊಟ್ಟ ಮೂರು ಕಾರಣಗಳಲ್ಲಿ ಒಂದೂ ಕಾನೂನಿನಲ್ಲಿ ನಿಲ್ಲುವುದಿಲ್ಲ. ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ತಡೆಯುವಂತಿಲ್ಲ, ನಿರಾಕರಿಸುವಂತಿಲ್ಲ ಎಂದು 5ನೇ ಸೆಕ್ಷನ್ ಹೇಳುತ್ತದೆ. ಟಿ.ಸಿ. ಕೊಡಲು ತಡ ಮಾಡುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮಕ್ಕೂ ಅದರಲ್ಲಿ ಅವಕಾಶವಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದೆ ಕಳಿಸಬಾರದು ಎಂಬುದು 14ನೇ ಸೆಕ್ಷನ್. ದಾಖಲಾತಿಯ ಅವಧಿ ಮುಗಿದ ಮೇಲೆ ಬಂದರೂ ಸೇರಿಸಿಕೊಳ್ಳಬೇಕು ಎಂಬುದು 15ನೇ ಸೆಕ್ಷನ್. ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್‌ನಲ್ಲೇ ಸ್ಪಷ್ಟಪಡಿಸಿದೆ: ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲ. ಆ ಮೊಕದ್ದಮೆ ಹೂಡಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದರು.

ಇನ್ನು, ಮೂರನೇ ತರಗತಿಗೆ ಓದು ನಿಲ್ಲಿಸಿದ ಹುಡುಗಿಯನ್ನು ನಾಲ್ಕನೇ ತರಗತಿಯಲ್ಲಿ ಪುಟ್ಟ ಮಕ್ಕಳ ನಡುವೆ ಕೂರಿಸಬೇಕೇ? ಬೇಡ. 4ನೇ ಸೆಕ್ಷನ್ ಪ್ರಕಾರ ಅವಳನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕು. 14 ವರ್ಷ ದಾಟಿದರೂ ಎಂಟನೇ ತರಗತಿ ಮುಗಿಯುವ ತನಕ ಶಿಕ್ಷಣ ಉಚಿತ. ನಾವು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದನ್ನು ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಗೂ ಕೊಟ್ಟೆವು. ಜಗಳವಾಗಲಿಲ್ಲ, ಧರಣಿ ಕೂರಲಿಲ್ಲ. ನಾಲ್ಕನೇ ದಿನ ಹುಡುಗಿ ಆರನೇ ತರಗತಿಯ ಬೆಂಚಿನಲ್ಲಿ ಕುಳಿತಿದ್ದಳು. ನಿಜ ಹೇಳಬೇಕೆಂದರೆ ಆ ಶಾಲೆಯ ಶಿಕ್ಷಕರಿಗೂ ಈ ಸೆಕ್ಷನ್‌ಗಳು ನೆನಪಿರಲಿಲ್ಲ. ಎಲ್ಲ ನಿರಾಕರಣೆಯ ಹಿಂದೆ ದ್ವೇಷವನ್ನೇ ಹುಡುಕುವ ಅಭ್ಯಾಸ ಒಳ್ಳೆಯದಲ್ಲ. ಹಲವು ಬಾರಿ ಅದು ಬರೀ ಅಜ್ಞಾನ, ಇನ್ನು ಕೆಲವು ಬಾರಿ ಹೆಚ್ಚಿನ ಕೆಲಸ ಬೇಡವೆಂಬ ಸೋಮಾರಿತನ.

ದ್ವೇಷವೇ ಇರುವ ಕಡೆಗೂ ದಾರಿ ಇದೆ. ದುರ್ಬಲ ವರ್ಗದ ಮಗುವಿನ ಮೇಲೆ ತಾರತಮ್ಯ ನಡೆಯದಂತೆ ನೋಡಿಕೊಳ್ಳುವುದು ಸರಕಾರದ ಹೊಣೆ ಎಂದು ಕಾಯ್ದೆಯಲ್ಲೇ ಬರೆದಿದೆ. ಮಗುವನ್ನು ಹೊಡೆಯುವುದು ಮಾತ್ರವಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ 17ನೇ ಸೆಕ್ಷನ್ ನಿಷೇಧಿಸಿದೆ. ಹೆಸರು, ಉಡುಪು, ತಿನ್ನುವ ಆಹಾರವನ್ನು ಹಿಡಿದು ತರಗತಿಯಲ್ಲಿ ಮಗುವನ್ನು ಹೀಯಾಳಿಸಿದರೆ ಅದೂ ಇದರೊಳಗೆ ಬರುತ್ತದೆ. ದೂರನ್ನು ಲಿಖಿತವಾಗಿ ಸ್ಥಳೀಯ ಪ್ರಾಧಿಕಾರಕ್ಕೆ ಕೊಡಬೇಕು, ಅವರು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಗುವಿನ ಫೋಟೋ ಹಾಕಿ ಊರಿಗೆಲ್ಲ ಹಂಚುವುದು ದೂರು ಕೊಟ್ಟಂತಾಗದು. ಅದರಿಂದ ಮಗುವಿಗೇ ತೊಂದರೆ.

ಸ್ಕಾರ್ಫ್ ಬಗ್ಗೆ ಕೇಳಿದವರಿಗೆ ಇಷ್ಟು ಹೇಳುತ್ತೇವೆ. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಹೆಣ್ಣುಮಗು ಶಾಲೆಗೆ ತಲುಪುವ ದಾರಿಯಲ್ಲಿ ಎದುರಿಸುವ ಕಷ್ಟಗಳನ್ನು ಎಣಿಸಿ, ಅವಳ ಬದುಕನ್ನು ನಾವು ಉತ್ತಮಗೊಳಿಸುತ್ತಿದ್ದೇವೆಯೇ ಎಂದು ಅವರಲ್ಲಿ ಒಬ್ಬರು ಕೇಳಿದ್ದರು. ಆ ಪ್ರಶ್ನೆಯನ್ನು ಸರಕಾರಕ್ಕೆ ಕೇಳಿದಷ್ಟೇ ಗಟ್ಟಿಯಾಗಿ ಆ ವರ್ಷ ಮಗಳ ಓದು ನಿಲ್ಲಿಸಿ ಮತ್ತೆ ಯಾವ ದಾರಿಯನ್ನೂ ಹುಡುಕದ ತಂದೆಯರಿಗೂ ಕೇಳಬೇಕಾಗಿದೆ. ಎಸೆಸೆಲ್ಸಿ, ಪಿಯುಸಿಯನ್ನು ಮುಕ್ತ ಶಾಲೆಯ ಮೂಲಕ ಬರೆಯಬಹುದು. ಬೇರೆ ಕಾಲೇಜಿಗೆ ಸೇರಿಸಬಹುದು. ಓದು ನಿಂತ ಹುಡುಗಿಗೆ ವರ್ಷ ಕಳೆದಂತೆ ಪುಸ್ತಕ ದೂರವಾಗುತ್ತದೆ.

ಮದ್ರಸಾದ ಪ್ರಶ್ನೆಗೆ ಬರೋಣ. 2012ರ ತಿದ್ದುಪಡಿಯ ಬಳಿಕ ಮದ್ರಸಾಗಳಿಗೂ ವೇದ ಪಾಠಶಾಲೆಗಳಿಗೂ ಆರ್‌ಟಿಇ ಕಾಯ್ದೆ ಅನ್ವಯವಾಗುವುದಿಲ್ಲ. ಇದನ್ನು ಕೇಳಿ, ಹಾಗಾದರೆ ಮದ್ರಸಾದಲ್ಲಿದ್ದರೆ ಸಾಕು ಎಂದು ಕೆಲವರು ಅರ್ಥ ಮಾಡಿಕೊಂಡಿದ್ದಾರೆ. ಅರ್ಥ ಹಾಗಲ್ಲ. ಕಾಯ್ದೆ ಮದ್ರಸಾದ ಮೇಲೆ ನಿಯಮ ಹೇರುವುದಿಲ್ಲ, ಅಷ್ಟೇ. ಮಗುವಿಗೆ ಶಾಲೆಯ ಹಕ್ಕು ಹಾಗೆಯೇ ಉಳಿದಿದೆ. ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ಪೋಷಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನದಲ್ಲೂ ಇದೆ. ಮುಸ್ಲಿಂ ಮಕ್ಕಳೆಲ್ಲ ಮದ್ರಸಾದಲ್ಲೇ ಇದ್ದಾರೆಂಬ ಹೊರಗಿನವರ ಮಾತೂ ಸುಳ್ಳು. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ 2006ರ ವರದಿಯಂತೆ ಪೂರ್ಣಾವಧಿ ಮದ್ರಸಾದಲ್ಲಿದ್ದ ಮಕ್ಕಳ ಪ್ರಮಾಣ ಶೇ. 4ನ್ನೂ ಮೀರುತ್ತಿರಲಿಲ್ಲ. ಅದೇ ವರದಿಯಲ್ಲಿದ್ದ ಇನ್ನೊಂದು ಅಂಕಿ ಯಾರ ಬಾಯಲ್ಲೂ ಬರುವುದಿಲ್ಲ: 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮುಖವನ್ನೇ ನೋಡಿರಲಿಲ್ಲ, ಇಲ್ಲವೇ ಅರ್ಧದಲ್ಲಿ ಬಿಟ್ಟಿದ್ದರು. ಅವರು ಮದ್ರಸಾದಲ್ಲೂ ಇರಲಿಲ್ಲ, ಶಾಲೆಯಲ್ಲೂ ಇರಲಿಲ್ಲ.

ಹಿಫ್ಝ್ ಮಾಡುವ ಮಕ್ಕಳ ತಂದೆತಾಯಂದಿರಿಗೆ ನಮ್ಮ ಸಲಹೆ: ಶಾಲೆಯ ದಾಖಲಾತಿಯನ್ನು ಕಡಿದುಕೊಳ್ಳಬೇಡಿ. ಬೆಳಗ್ಗೆ, ಸಂಜೆ ಹಿಫ್ಝ್ ನಡೆಸುವ, ಹಗಲು ಶಾಲೆಗೆ ಕಳಿಸುವ ಮದ್ರಸಾಗಳು ಈಗ ಇವೆ. ಇಲ್ಲದಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೇ, ಹನ್ನೆರಡನೇ ತರಗತಿಯ ಪರೀಕ್ಷೆ ಬರೆಸಬಹುದು. ಮದ್ರಸಾ ಮುಗಿಸಿ ದಾಡಿ ಬಂದ ಮೇಲೆ ಬಿ.ಎ. ಪರೀಕ್ಷೆಗೆ ಕುಳಿತ ನಮ್ಮಂಥವರಿಗೆ ಆ ಸುತ್ತುದಾರಿ ಎಷ್ಟು ಉದ್ದವೆಂದು ಗೊತ್ತಿದೆ.

ಈಗ ಯಾರೂ ಕೇಳದ, ಆದರೆ ನಾವು ಹೇಳಲೇಬೇಕಾದ ವಿಷಯ. ಸರಕಾರದಿಂದ ಸಮಾನ ಅವಕಾಶ ಕೇಳುವ ನಮ್ಮ ಮನೆಗಳಲ್ಲೇ ಎಷ್ಟು ಸಮಾನತೆ ಇದೆ? ಮಗನಿಗೆ ವ್ಯಾನ್ ಬರುವ ಇಂಗ್ಲಿಷ್ ಮಾಧ್ಯಮ ಶಾಲೆ, ಅದೇ ಮನೆಯ ಮಗಳಿಗೆ ಗಲ್ಲಿಯ ಕೊನೆಯ ಸರಕಾರಿ ಶಾಲೆ. ಸರಕಾರಿ ಶಾಲೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಒಳ್ಳೆಯದಾದರೆ ಮಗನನ್ನೂ ಅಲ್ಲಿಗೇ ಕಳಿಸಿ. ಉರ್ದು ಮಾಧ್ಯಮದಲ್ಲಿ ಏಳನೇ ತರಗತಿ ಮುಗಿಸಿದ ಹುಡುಗಿಯರು ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಬಂದಾಗ ವಿಜ್ಞಾನ, ಸಮಾಜದ ಪಾಠ ಅರ್ಥವಾಗದೆ ಓದು ಬಿಡುವುದು ನಾವು ವರ್ಷವೂ ಕಾಣುವ ಸಂಗತಿ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಹಕ್ಕೇ ಸರಿ, ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಆದರೆ ಐದನೇ ತರಗತಿಯಿಂದಲೇ ಮನೆಯಲ್ಲಿ ಕನ್ನಡ ಪತ್ರಿಕೆ ಓದಿಸುವುದು, ಬೇಸಿಗೆಯಲ್ಲಿ ಕನ್ನಡದ ಸೇತುಬಂಧ ತರಗತಿ ನಡೆಸುವುದು ಜಮಾಅತ್‌ಗೆ ಕಷ್ಟವೇನಲ್ಲ. ನಮ್ಮ ಮಸೀದಿಯ ಮೇಲಿನ ಮಹಡಿ ಮಧ್ಯಾಹ್ನ ಖಾಲಿಯೇ ಇರುತ್ತದೆ.

ಹೈಸ್ಕೂಲು ದೂರ, ಬಸ್ಸಿನ ಖರ್ಚು ಎಂಬ ನೆಪ 2023ರ ಜೂನ್‌ನಿಂದ ಬಹುತೇಕ ಇಲ್ಲವಾಗಿದೆ. ಶಕ್ತಿ ಯೋಜನೆಯಡಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. (ಖಾಸಗಿ ಬಸ್ಸುಗಳೇ ಓಡುವ ಕರಾವಳಿಯ ದಾರಿಗಳಲ್ಲಿ ಈ ಅನುಕೂಲ ಸಿಗದು, ನಿಜ.) ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲೂ ಮೌಲಾನಾ ಆಝಾದ್ ಮಾದರಿ ಶಾಲೆಗಳಲ್ಲೂ ಆರನೇ ತರಗತಿಯಿಂದ ಪ್ರವೇಶವಿದೆ. ಕೇಂದ್ರ ಸರಕಾರ 2022ರಲ್ಲಿ ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ವಿದ್ಯಾರ್ಥಿ ವೇತನವನ್ನು ನಿಲ್ಲಿಸಿತು. ಆ ಹಂತದ ಶಿಕ್ಷಣ ಆರ್‌ಟಿಇಯಡಿ ಉಚಿತವೇ ಆಗಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಚೀಲ, ಚಪ್ಪಲಿ, ನೋಟ್‌ಬುಕ್‌ಗೆ ಆ ಅಲ್ಪ ಹಣವನ್ನೇ ನಂಬಿದ್ದ ಮನೆಗಳಿದ್ದವು. ಬಡ ವಿದ್ಯಾರ್ಥಿಗೆ ಝಕಾತ್ ಕೊಡಬಹುದೇ ಎಂದು ಕೇಳಿದವರಿಗೆ: ಝಕಾತ್‌ಗೆ ಅರ್ಹರಾದ ಬಡವರಾಗಿದ್ದರೆ ಕೊಡಬಹುದು, ಆದರೆ ಹಣ ಅವರ ಕೈ ಸೇರಿ ಅವರದೇ ಆಗಬೇಕು. ನೇರವಾಗಿ ಶಾಲೆಯ ಕಟ್ಟಡಕ್ಕೋ ಬೆಂಚಿಗೋ ಹಾಕುವುದಾದರೆ ಅದು ಸದಕದ ಹಣದಿಂದ ಆಗಲಿ.

ಇನ್ನೊಂದು ಮಾತು ಕೆಲವರಿಗೆ ಕಹಿಯಾದೀತು. 14 ವರ್ಷದೊಳಗಿನ ಮಗುವನ್ನು ಯಾವ ಉದ್ಯೋಗದಲ್ಲೂ ದುಡಿಸುವಂತಿಲ್ಲ ಎಂದು 2016ರ ತಿದ್ದುಪಡಿ ಹೇಳುತ್ತದೆ. ಸ್ವಂತ ಕುಟುಂಬದ ಕೆಲಸದಲ್ಲಿ ಶಾಲೆಯ ಸಮಯದ ಆಚೆ ನೆರವಾಗುವುದಕ್ಕೆ ವಿನಾಯಿತಿ ಇದೆ. ಗ್ಯಾರೇಜಿನಲ್ಲಿ, ಹೊಟೇಲಿನಲ್ಲಿ, ಬಟ್ಟೆ ಅಂಗಡಿಯಲ್ಲಿ 12 ವರ್ಷದ ಹುಡುಗನನ್ನು ಇಟ್ಟುಕೊಂಡು, ಬಡವನ ಮನೆಗೆ ನೆರವಾದೆ ಎಂದು ತಿಳಿದವರು ನಮ್ಮ ಮೊದಲ ಸಫ್‌ನಲ್ಲೂ ಇದ್ದಾರೆ. ನೆರವಾಗುವುದಾದರೆ ಆ ಸಂಬಳವನ್ನು ತಂದೆಗೆ ಕೊಟ್ಟು ಹುಡುಗನನ್ನು ಶಾಲೆಗೆ ಕಳಿಸಿ.

ಕೊನೆಯದಾಗಿ ಎಸ್‌ಡಿಎಂಸಿ. ಸರಕಾರಿ ಶಾಲೆಯ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನದ ಬಳಕೆಯನ್ನು ನೋಡುವುದು ಇದರ ಕೆಲಸ. ಶಿಕ್ಷಕರು ಸಮಯಕ್ಕೆ ಬರುತ್ತಾರೋ, ಬಿಸಿಯೂಟ ಸರಿಯಾಗಿದೆಯೋ, ಹುಡುಗಿಯರ ಶೌಚಾಲಯಕ್ಕೆ ನೀರಿದೆಯೋ ಎಂದು ಕೇಳುವ ಅಧಿಕಾರ ಇಲ್ಲಿದೆ. ನಮ್ಮ ಮಹಲ್ಲಾದ ಶಾಲೆಯ ಸಭೆಗೆ ಹದಿನೈದು ಮಂದಿಯಲ್ಲಿ ಬರುವವರು ನಾಲ್ವರು. ಸದಸ್ಯೆಯರಾದ ತಾಯಂದಿರ ಸಹಿ ಪುಸ್ತಕದಲ್ಲಿರುತ್ತದೆ, ಅವರು ಇರುವುದಿಲ್ಲ. ಪುಸ್ತಕವನ್ನು ಮನೆಗೆ ಕೊಂಡೊಯ್ದು ಸಹಿ ಹಾಕಿಸುವ ಪದ್ಧತಿ ನಿಲ್ಲಬೇಕೆಂದು ಮುಖ್ಯ ಶಿಕ್ಷಕಿಯವರಲ್ಲಿ ನಾವು ಕೇಳಿಕೊಂಡಿದ್ದೇವೆ. ಅವರು ಒಪ್ಪಿದ್ದಾರೆ. ತಾಯಂದಿರಿಗೆ ಅನುಕೂಲವಾಗಲೆಂದು ಮುಂದಿನ ಸಭೆಯನ್ನು ಸಂಜೆ ನಾಲ್ಕೂವರೆಗೆ ಇಡಲಾಗಿದೆ.

ಶಾಲೆ ಬಿಟ್ಟ ಅಥವಾ ಇನ್ನೂ ಸೇರದ ಮಕ್ಕಳು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಅವರು ಯಾವ ಧರ್ಮದವರೇ ಆಗಿರಲಿ, ಈ ತಿಂಗಳ ಪ್ರತಿ ಜುಮಾದ ಬಳಿಕ ಮಸೀದಿಯ ಕಚೇರಿಗೆ ಬನ್ನಿ. ಅರ್ಜಿ ಬರೆದುಕೊಡಲು ಇಬ್ಬರು ಪದವೀಧರ ಯುವಕರು ಕುಳಿತಿರುತ್ತಾರೆ. ತಾಯಂದಿರಿಗೆ ಶನಿವಾರ ಮಧ್ಯಾಹ್ನ ಮದ್ರಸಾದಲ್ಲಿ ಶಿಕ್ಷಕಿಯೊಬ್ಬರು ಸಿಗುತ್ತಾರೆ. ಮಗುವನ್ನೂ ಕರೆತನ್ನಿ. ದಾಖಲೆ ಏನಿದೆಯೋ ಅಷ್ಟನ್ನೇ ತನ್ನಿ, ಏನೂ ಇಲ್ಲದಿದ್ದರೂ ಪರವಾಗಿಲ್ಲ.